ಕಾಜೀವಾ ಎಲೆಫಾಂಟ್ 900: ಇದ್ದೊಂದೇ ಬೈಕಾಗಿ ಕೊಳ್ಳಬಹುದೇ?

ಜರ್ಮನಿಯಲ್ಲಿರುವ ನಿಮಗೆ 1991ರ ಕಾಜೀವಾ ಎಲೆಫಾಂಟ್ 900 ಎಂಬ ಇಟಲಿಯ ಬೈಕ್ ಸಿಗುವಂತಿದೆ. ಇದೊಂದನ್ನೇ ಇಟ್ಟುಕೊಂಡು ಆಲ್ಪ್ಸ್ ಸುತ್ತಬಹುದೇ, ಬೆಂಗಳೂರಿಗೆ ಮರಳುವಾಗ ಜೊತೆಯಲ್ಲಿ ತರಬಹುದೇ ಎಂದು ಕೇಳಿದ್ದೀರಿ. ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ: ಆ ಆಸೆ ಬಿಡಿ. ಮೂರು ವರ್ಷಕ್ಕಿಂತ ಹಳೆಯ ಬಳಸಿದ ವಾಹನವನ್ನು ಭಾರತದ ಆಮದು ನಿಯಮಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ವಿಂಟೇಜ್ ವಾಹನಗಳಿಗೆಂದು ಇರುವ ವಿನಾಯಿತಿಗೆ ಇದಿನ್ನೂ ಎಳೆಯ ಪ್ರಾಯದ್ದು. ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಉದ್ದವಾಗುತ್ತದೆ, ಏಕೆಂದರೆ ಒಂಬತ್ತು ವರ್ಷಗಳಿಂದ ಟುರಿನ್‌ನ ನನ್ನ ಗ್ಯಾರೇಜಿನಲ್ಲಿ ಅಂಥದೇ ಒಂದು ಆನೆ ನಿಂತಿದೆ.

ಆನೆ ಎನ್ನುವುದು ನನ್ನ ಅಲಂಕಾರವಲ್ಲ. ಎಲೆಫಾಂಟ್ ಎಂದರೆ ಆನೆ, ಕಾಜೀವಾದ ಲಾಂಛನವೂ ಆನೆಯೇ. ಕ್ಲಾಡಿಯೊ ಮತ್ತು ಜಾನ್‌ಫ್ರಾಂಕೊ ಕಾಸ್ಟಿಲಿಯೋನಿ ಎಂಬ ಸಹೋದರರು 1978ರಲ್ಲಿ ವರೇಸೆ ಸರೋವರದ ದಡದ ಸ್ಕಿರಾನ್ನಾದಲ್ಲಿ ಹಾರ್ಲೆ ಡೇವಿಡ್‌ಸನ್ ಬಿಟ್ಟುಹೋಗುತ್ತಿದ್ದ ಕಾರ್ಖಾನೆಯನ್ನು ಕೊಂಡರು. ತಂದೆ ಜೊವಾನ್ನಿಯ ಹೆಸರು, ಮನೆತನದ ಹೆಸರು, ವರೇಸೆ ಊರಿನ ಹೆಸರು ಈ ಮೂರರ ಮೊದಲಕ್ಷರಗಳನ್ನು ಹೊಸೆದರೆ ಕಾಜೀವಾ. ದೊಡ್ಡ ಎಂಜಿನ್ ತಮ್ಮಲ್ಲಿರಲಿಲ್ಲವಾದ್ದರಿಂದ ಡುಕಾಟಿಯಿಂದ ತರಿಸಿಕೊಂಡರು. 1985ರಲ್ಲಿ ಡುಕಾಟಿಯನ್ನೇ ಕೊಂಡುಬಿಟ್ಟರು. ಹಾಲು ತರಲು ಹೋಗಿ ಹಸುವನ್ನೇ ಹೊಡೆದುಕೊಂಡು ಬಂದಂತೆ. 650, 750 ಆದ ಮೇಲೆ 1990ರಲ್ಲಿ ಬಂದದ್ದು 904 ಸಿಸಿಯ ನಿಮ್ಮ ಬೈಕ್.

ಆಫ್ರಿಕಾದ ಮರುಭೂಮಿ ದಾಟುವ ಪ್ಯಾರಿಸ್-ಡಾಕರ್ ರ‍್ಯಾಲಿಯ ಕಥೆಯಿಲ್ಲದೆ ಇದರ ಬೆಲೆ ಅರ್ಥವಾಗುವುದಿಲ್ಲ. 1987ರಲ್ಲಿ ಕಾಜೀವಾ ಮೇಲೆ ಕುಳಿತಿದ್ದ ಫ್ರಾನ್ಸಿನ ಯೂಬೆರ್ ಒರಿಯೋಲ್ ಗೆಲುವಿನ ಹೊಸ್ತಿಲಲ್ಲಿದ್ದರು. ಕೊನೆಯ ಹಂತಕ್ಕೆ ಒಂದೇ ದಿನ ಮೊದಲು ಮರದ ಬೊಡ್ಡೆಗೆ ತಗುಲಿ ಎರಡೂ ಕಣಕಾಲುಗಳು ಮುರಿದವು. ಆ ಕಾಲುಗಳಲ್ಲೇ ಅವರು ಅಂದಿನ ಗುರಿಯವರೆಗೆ ಬೈಕ್ ಓಡಿಸಿಕೊಂಡು ಬಂದರು, ಆದರೆ ರ‍್ಯಾಲಿ ಹೊಂಡಾದ ಸಿರಿಲ್ ನೆವೂ ಪಾಲಾಯಿತು. ಸೋತವನನ್ನೇ ಜನ ಹೆಚ್ಚು ನೆನಪಿಟ್ಟುಕೊಂಡ ಅಪರೂಪದ ಸೋಲು ಅದು. ಆಮೇಲೆ 1990ರಲ್ಲೂ 1994ರಲ್ಲೂ ಇಟಲಿಯ ಎಡಿ ಒರಿಯೋಲಿ ಈ ಆನೆಯನ್ನು ಗೆಲ್ಲಿಸಿದರು. ಮರುಭೂಮಿಯಲ್ಲಿ ಓಡಿದ್ದು ಕೈಯಲ್ಲಿ ಕಟ್ಟಿದ ಕಾರ್ಖಾನೆಯ ಯಂತ್ರ. ನಿಮಗೆ ಸಿಗುತ್ತಿರುವುದು ಅದರ ಸೋದರ ಸಂಬಂಧಿ ಮಾತ್ರ. ಲಕ್ಕಿ ಎಕ್ಸ್‌ಪ್ಲೋರರ್ ಎಂಬ, ರೇಸ್ ತಂಡದ ಪ್ರಾಯೋಜಕರ ಬಣ್ಣಕ್ಕೆ ಮಾರುವವರು ಹೆಚ್ಚಿನ ಹಣ ಕೇಳುತ್ತಾರೆ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು ಎಂಬುದನ್ನು ಆಗ ನೆನಪಿಸಿಕೊಳ್ಳಿ.

ಸಂಬಂಧಿಯೂ ಕಡಿಮೆಯದಲ್ಲ. ಎರಡು ಸಿಲಿಂಡರ್‌ಗಳ ನಡುವೆ 90 ಡಿಗ್ರಿ ಕೋನವಿದೆ, ಅದಕ್ಕೇ ಕಂಪನ ಕಡಿಮೆ. ಆದರೆ ಮುಂದಿನ ಸಿಲಿಂಡರ್ ಬಹುತೇಕ ಅಡ್ಡ ಮಲಗಿರುವುದರಿಂದ ಎಂಜಿನ್ ಉದ್ದ, ಹಾಗಾಗಿ ಬೈಕೂ ಉದ್ದ. ಜಲ್ಲಿಯ ಮೇಲೆ ವೇಗವಾಗಿ ಹೋಗುವಾಗ ಹಳಿಯ ಮೇಲಿದ್ದಂತೆ ಹೋಗುತ್ತದೆ. ಆಲ್ಪ್ಸ್‌ನ ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಮನಸ್ಸಿಲ್ಲದೆ ತಿರುಗುತ್ತದೆ. ಟ್ಯಾಂಕ್ ತುಂಬಿಸಿದರೆ 200 ಕಿಲೋ ದಾಟುವ ಭಾರ, ಅದೂ ಎತ್ತರದಲ್ಲಿ. ನಾನು ಐದಡಿ ಆರಂಗುಲದವನು. ಇಳಿಜಾರಿನಲ್ಲಿ ನಿಲ್ಲಿಸುವ ಮೊದಲು ಯಾವ ಕಾಲು ಊರಬೇಕೆಂದು ಈಗಲೂ ಯೋಚಿಸುತ್ತೇನೆ.

ಈ ಬೈಕಿನಲ್ಲಿ ಭಯಪಡಬೇಕಾದದ್ದು ಎಂಜಿನ್ನಿಗೆ ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಅನುಭವ ತಿರುಗುಮುರುಗು. ಈ ಎಂಜಿನ್ನಿನ ಡೆಸ್ಮೊ ಎಂದರೆ ಕವಾಟವನ್ನು ಸ್ಪ್ರಿಂಗಿನ ಬದಲು ರಾಕರ್ ಎಂಬ ಇನ್ನೊಂದು ಸನ್ನೆ ಎಳೆದು ಮುಚ್ಚುವ ವ್ಯವಸ್ಥೆ. ತೆರೆಯುವ ಕಡೆ, ಮುಚ್ಚುವ ಕಡೆ ಎರಡರ ಸಂದನ್ನೂ ಅಳೆಯಬೇಕಾದ್ದರಿಂದ ಕೂಲಿ ಜಾಸ್ತಿ, ಅಷ್ಟೇ. ಎರಡು ಟೈಮಿಂಗ್ ಬೆಲ್ಟ್‌ಗಳನ್ನು ಓಡಿಸಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ. ಹರಿದರೆ ಕವಾಟಗಳು ಪಿಸ್ಟನ್ನಿಗೆ ಬಡಿಯುತ್ತವೆ, ಆಮೇಲಿನ ಖರ್ಚನ್ನು ಇಲ್ಲಿ ಬರೆದು ನಿಮ್ಮ ನಿದ್ರೆ ಕೆಡಿಸುವುದಿಲ್ಲ. ಡುಕಾಟಿ 900 ಎಸ್‌ಎಸ್ ಕೂಡ ಇದೇ ಎಂಜಿನ್ ಕುಟುಂಬದ್ದು, ಆದ್ದರಿಂದ ಬಿಡಿಭಾಗಗಳೂ ಕೆಲಸ ಬಲ್ಲವರೂ ಸಿಗುತ್ತಾರೆ. ಎಂಜಿನ್ನಿಗೆ ನೆಂಟರಿದ್ದಾರೆ, ಮೈ ಅನಾಥ. ಒಂದು ಪಕ್ಕದ ಪ್ಲಾಸ್ಟಿಕ್ ಕವಚಕ್ಕಾಗಿ ನಾನು ಹದಿನಾಲ್ಕು ತಿಂಗಳು ಅಲೆದಿದ್ದೇನೆ. ಸಿಕ್ಕಾಗ ಅದರ ಬಣ್ಣ ಬೇರೆಯಿತ್ತು, ಈಗಲೂ ಬೇರೆಯೇ ಇದೆ.

ಮತ್ತೆ ವೈರಿಂಗ್. ಆಲ್ಪ್ಸ್‌ನ ಸೆಸ್ಟ್ರಿಯೇರೆಯಿಂದ ಹೊರಡುವ ಅಸ್ಸಿಯೆಟ್ಟಾ ಎಂಬ ಹಳೆಯ ಸೇನಾ ಮಾರ್ಗ ಬಹುಪಾಲು 2,000 ಮೀಟರಿಗೂ ಮೇಲೆ ಸಾಗುವ ಡಾಂಬರಿಲ್ಲದ ದಾರಿ. ಈ ಬೈಕಿಗೆಂದೇ ಕಡಿದಂತಿದೆ. ಅಲ್ಲಿ ಒಂದು ಸಂಜೆ ನನ್ನ ಆನೆ ಕೆಮ್ಮದೆ ಕೆನೆಯದೆ ನಿಂತುಬಿಟ್ಟಿತು. ಇಂಧನ ಪಂಪ್ ಸದ್ದಿಲ್ಲ. ಟ್ಯಾಂಕ್ ಬಿಚ್ಚಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹುಡುಕಿದರೆ ಹಿಂದಿನ ಮಾಲೀಕರು ಯಾವುದೋ ಕಾಲದಲ್ಲಿ ತಿರುಚಿ ಟೇಪ್ ಸುತ್ತಿದ್ದ ತಂತಿಯೊಂದು ಹಸಿರುಗಟ್ಟಿ ಕೂತಿತ್ತು. ಕೆರೆದು ಮತ್ತೆ ತಿರುಚಿ ಇಳಿದುಬಂದೆ. ಅಂದರೆ ನಾನೂ ಅವರು ಮಾಡಿದ್ದನ್ನೇ ಮಾಡಿದೆ. ಆ ಚಳಿಗಾಲ ಇಡೀ ವೈರಿಂಗ್ ಹೊಸದು ಮಾಡಿಸಿದೆ. ಅದಕ್ಕೆ ತೆತ್ತ ಹಣದಲ್ಲಿ ಒಂದು ಹಳೆಯ ಸ್ಕೂಟರ್ ಬರುತ್ತಿತ್ತು.

ಆದ್ದರಿಂದ ಇದ್ದೊಂದೇ ಬೈಕಾಗಿ ಬೇಡ. ಸೋಮವಾರ ಕಚೇರಿಗೆ ಹೋಗಲು ಇನ್ನೊಂದು ವಾಹನವಿದ್ದರೆ, ಬೆಲೆಯ ಮೂರನೆಯ ಒಂದು ಭಾಗ ರಿಪೇರಿಗೆಂದು ಪಕ್ಕಕ್ಕಿಡಲು ಸಾಧ್ಯವಿದ್ದರೆ, ಧಾರಾಳವಾಗಿ ಕೊಳ್ಳಿ. ನೋಡಲು ಹೋದಾಗ ಹೊಳಪಿಗೆ ಮರುಳಾಗದೆ ಟ್ಯಾಂಕ್ ಎತ್ತಿಸಿ ತಂತಿಗಳನ್ನು ನೋಡಿ, ಬೆಲ್ಟ್ ಬದಲಿಸಿದ ರಸೀದಿ ಕೇಳಿ, ಎಲ್ಲ ಪ್ಲಾಸ್ಟಿಕ್ ಭಾಗಗಳೂ ಇವೆಯೇ ಎಂದು ಎಣಿಸಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಆಗುವುದನ್ನು ಕಣ್ಣಾರೆ ಕಾಣಬೇಕು. ಮಾರುವವರು ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಕಾಫಿ ಕೇಳಿ, ಎಂಜಿನ್ ಆರುವವರೆಗೆ ಕೂತುಕೊಳ್ಳಿ.