ಕಡಲಾಮೆ ದಡಕ್ಕೆ ಬಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ತೀರಕ್ಕೆ ಬಲೆ ಸುತ್ತಿಕೊಂಡ ಆಮೆಗಳು ಬಂದು ಬೀಳುತ್ತವೆ. ಬಲೆ ಬಿಡಿಸಿ ಕೂಡಲೇ ಕಡಲಿಗೆ ಬಿಡಿ ಎನ್ನುತ್ತಾರೆ ಕೆಲವರು, ಬೇಡ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ? – ಯುವಕರ ತಂಡ, ಮರವಂತೆ

ಉತ್ತರ: ಬಿಡಬೇಡಿ. ಮೊಟ್ಟೆಯಿಡಲು ಬರುವ ಹೆಣ್ಣಾಮೆಯೊಂದನ್ನು ಬಿಟ್ಟರೆ ಆರೋಗ್ಯವಾಗಿರುವ ಕಡಲಾಮೆ ನಮ್ಮ ದಡ ಹತ್ತುವುದಿಲ್ಲ. ಅದು ಬರುವುದು ಹೆಚ್ಚಾಗಿ ಚಳಿಗಾಲದಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ. ಟಾರ್ಚ್ ಆರಿಸಿ ದೂರ ನಿಂತರೆ ಸುಮಾರು ಒಂದು ಗಂಟೆಯಲ್ಲಿ ತಾನೇ ಮರಳುತ್ತದೆ. ಮಳೆಗಾಲದ ಆಮೆಯ ಕತೆ ಬೇರೆ. ಕಡಲಲ್ಲಿ ಕಳೆದುಹೋದ ಬಲೆಗಳನ್ನು ನೈಋತ್ಯ ಮಾರುತ ದಡಕ್ಕೆ ತಳ್ಳುವಾಗ ಅದರೊಳಗೆ ಸಿಕ್ಕಿದ್ದೂ ಬರುತ್ತದೆ, ತಿನ್ನದೆ ಸೋತು. ಕೆಲವಕ್ಕೆ ಶ್ವಾಸಕೋಶ ಹರಿದೋ ಕರುಳು ಕಟ್ಟಿಕೊಂಡೋ ಮೈಯೊಳಗೆ ಗಾಳಿ ತುಂಬಿ ಮುಳುಗಲಾಗುವುದಿಲ್ಲ. ಮುಳುಗಲಾಗದ ಆಮೆಗೆ ಮೇವೂ ಸಿಗದು, ದೋಣಿಯ ಪಂಖದಿಂದ ತಪ್ಪಿಸಿಕೊಳ್ಳಲೂ ಆಗದು.

ಮೊದಲು ಅರಣ್ಯ ಇಲಾಖೆಗೆ ತಿಳಿಸಿ (ಸಹಾಯವಾಣಿ 1926). ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಕಾನೂನಿನ ಅತಿ ಬಿಗಿಯಾದ ರಕ್ಷಣೆ ಅದಕ್ಕಿದೆ. ಆರೈಕೆಗೆಂದು ಮನೆಗೆ ಒಯ್ದು ತೊಟ್ಟಿಯಲ್ಲಿಟ್ಟರೂ ತೊಂದರೆ ನಿಮಗೇ. ಇಲಾಖೆಯವರು ಬರುವ ತನಕ ಐದು ಮಂದಿ ಸಾಕು: ಆಮೆಯ ಬಳಿ ಇಬ್ಬರು, ಫೋನಿಗೆ ಒಬ್ಬರು, ಜನರನ್ನೂ ನಾಯಿಗಳನ್ನೂ ದೂರವಿಡಲು ಇಬ್ಬರು. ಈ ಕೊನೆಯ ಕೆಲಸಕ್ಕೆ ಊರಲ್ಲಿ ಮಾತು ನಡೆಯುವ ಹಿರಿಯರನ್ನೇ ನಿಲ್ಲಿಸಿ, ಹುಡುಗರ ಮಾತನ್ನು ಗುಂಪು ಕೇಳುವುದಿಲ್ಲ.

ನಮ್ಮ ತೀರದಲ್ಲಿ ಹೆಚ್ಚಾಗಿ ಕಾಣುವ ಕಡಲಾಮೆ ಆಲಿವ್ ರಿಡ್ಲಿ; ಬೆಳೆದದ್ದು 35ರಿಂದ 45 ಕಿಲೋ ತೂಗುತ್ತದೆ. ಕಾಲು ಹಿಡಿದು ಎಳೆದರೆ ಕೀಲು ತಪ್ಪುತ್ತದೆ. ಒಬ್ಬರು ಕುತ್ತಿಗೆಯ ಹಿಂದಿನ ಚಿಪ್ಪಿನಂಚು, ಇನ್ನೊಬ್ಬರು ಬಾಲದ ಮೇಲಿನ ಅಂಚು ಹಿಡಿದು ಒಟ್ಟಿಗೇ ಎತ್ತಿ. ಬಾಯಿಯ ಹತ್ತಿರ ಕೈ ಬೇಡ, ಕಚ್ಚಿದರೆ ಬಿಡುವುದಿಲ್ಲ. ಉಬ್ಬರದ ಗೆರೆ ದಾಟಿಸಿ, ನೆರಳಲ್ಲಿ, ಹೊಟ್ಟೆ ಕೆಳಗಾಗಿ ಇಡಿ. ಆಮೆಯ ಶ್ವಾಸಕೋಶ ಬೆನ್ನ ಚಿಪ್ಪಿಗೆ ತಾಗಿಕೊಂಡೇ ಇರುವುದರಿಂದ ಅಂಗಾತ ಮಲಗಿಸಿದರೆ ಒಳಗಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಬಿಸಿಲಿದ್ದರೆ ಚಿಪ್ಪಿಗೂ ಕಾಲಿಗೂ ಒದ್ದೆ ಹತ್ತಿ ಬಟ್ಟೆ ಹೊದಿಸಿ, ಮೂಗಿನ ಹೊಳ್ಳೆ ಮಾತ್ರ ತೆರೆದಿರಲಿ. ತಿನ್ನಿಸಬೇಡಿ, ನೀರು ಕುಡಿಸಬೇಡಿ.

ಬಲೆ ಕತ್ತರಿಸಲು ಮೊಂಡು ತುದಿಯ ಕತ್ತರಿ ಬೇಕು, ಮೀನು ಕೊಯ್ಯುವ ಚೂರಿ ಬೇಡ. ಮೊದಲು ಮೈಯಿಂದ ದೂರದಲ್ಲಿ ಕತ್ತರಿಸಿ ಬಲೆಯ ಭಾರ ಇಳಿಸಿ, ಆಮೇಲೆ ಸಡಿಲವಾಗಿರುವ ಎಳೆಗಳು. ಚರ್ಮದೊಳಗೆ ಕಚ್ಚಿ ಊದಿಕೊಂಡಿರುವ ದಾರವನ್ನು ಪಶುವೈದ್ಯರಿಗೇ ಬಿಡಿ. ಅದನ್ನು ತೆಗೆದ ಕೂಡಲೇ ರಕ್ತ ಹರಿಯಬಹುದು. ಬಾಯಿಯಿಂದಲೋ ಬಾಲದಡಿಯಿಂದಲೋ ನೇತಾಡುವ ಗಾಳದ ದಾರವನ್ನಂತೂ ಎಳೆಯಲೇಬಾರದು. ಲಾಡಿ ಎಳೆದರೆ ಲಂಗ ನೆರಿಗೆಗಟ್ಟುವ ಹಾಗೆ ಕರುಳು ಮುದುಡಿ ಹರಿದುಹೋಗುತ್ತದೆ. ಎರಡಡಿ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಚಿಪ್ಪಿಗೆ ಟೇಪಿನಿಂದ ಅಂಟಿಸಿ. ವೈದ್ಯರಿಗೆ ಆ ತುದಿ ಬೇಕಾಗುತ್ತದೆ.

ಪ್ರಶ್ನೆ: ಟ್ರಾಲ್ ಬಲೆಯಲ್ಲಿ ಬಂದ ಆಮೆ ಅಲುಗಾಡದಿದ್ದರೆ ಸತ್ತಿದೆ ಎಂದೇ ಲೆಕ್ಕವೇ? – ಮೀನುಗಾರರೊಬ್ಬರು, ಮಲ್ಪೆ

ಉತ್ತರ: ಅಲ್ಲಣ್ಣ. ಉಸಿರು ಸಿಗದೆ ಪ್ರಜ್ಞೆ ತಪ್ಪಿದ ಆಮೆ ಸತ್ತಂತೆಯೇ ಕಾಣುತ್ತದೆ. ಆ ಸ್ಥಿತಿಯಲ್ಲಿ ನೀರಿಗೆ ಹಾಕಿದರೆ ನಿಜವಾಗಿಯೂ ಮುಳುಗಿ ಸಾಯುತ್ತದೆ. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗದಡಿ ಟೈರೋ ಬಲೆಯ ಸುರುಳಿಯೋ ಇಟ್ಟು ಕನಿಷ್ಠ ಅರ್ಧ ಅಡಿ ಎತ್ತರಿಸಿ. ಶ್ವಾಸಕೋಶದ ನೀರು ಇಳಿಯಲು 4ರಿಂದ 24 ಗಂಟೆ ಬೇಕು. ನಡುನಡುವೆ ಚಿಪ್ಪಿನಂಚು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂರು ಇಂಚಿನಷ್ಟು ಮೆಲ್ಲಗೆ ವಾಲಿಸಿ; ರೆಪ್ಪೆ, ಬಾಲ ಮುಟ್ಟಿ ಮಿಸುಕುತ್ತದೆಯೇ ನೋಡಿ. ಎದೆ ಒತ್ತುವುದು, ಬಕೆಟ್ಟಿನ ನೀರಲ್ಲಿ ಇಡುವುದು ಬೇಡ. ಚುರುಕಾದ ಮೇಲೆ, ಬಲೆ ನೀರಲ್ಲಿಲ್ಲದಾಗ, ಎಂಜಿನ್ ನ್ಯೂಟ್ರಲ್‌ನಲ್ಲಿಟ್ಟು ದೋಣಿಯ ಹಿಂಬದಿಯಿಂದ ಇಳಿಬಿಡಿ. ಅಷ್ಟರೊಳಗೆ ಬಂದರು ತಲುಪಿದರೆ ಇಲಾಖೆಯವರಿಗೆ ಒಪ್ಪಿಸಿ.

ಪ್ರಶ್ನೆ: ಬಾಸ್ಟನ್‌ನಲ್ಲಿದ್ದೇವೆ. ಚಳಿಗಾಲದಲ್ಲಿ ಕೇಪ್ ಕಾಡ್ ತೀರದಲ್ಲಿ ಮರಗಟ್ಟಿದ ಆಮೆ ಸಿಕ್ಕರೆ ಕಾರಿನಲ್ಲಿ ಬೆಚ್ಚಗೆ ಮಾಡಬಹುದೇ? – ಓದುಗರೊಬ್ಬರು

ಉತ್ತರ: ಬೇಡ. ಅವು ಹೆಚ್ಚಾಗಿ ನಮ್ಮ ಆಲಿವ್ ರಿಡ್ಲಿಯ ದಾಯಾದಿಗಳಾದ ಕೆಂಪ್ಸ್ ರಿಡ್ಲಿಯ ಎಳೆಯ ಆಮೆಗಳು. ಕೊಕ್ಕೆಯಂತೆ ಬಾಗಿದ ಆ ನೆಲ ದಕ್ಷಿಣದ ದಾರಿಗೆ ಅಡ್ಡವಾಗಿ, ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಮರಗಟ್ಟುತ್ತವೆ. 2014ರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದ್ದವು. ಒಮ್ಮೆಲೇ ಬಿಸಿ ತಾಗಿದರೆ ಹೃದಯ ತಡೆಯದು. ಆಸ್ಪತ್ರೆಯಲ್ಲೂ ದಿನಕ್ಕೆ ಸುಮಾರು 5 ಡಿಗ್ರಿ ಫ್ಯಾರನ್‌ಹೀಟ್‌ನಂತೆ ಏರಿಸುತ್ತಾರೆ. ಉಬ್ಬರದ ಗೆರೆಯಿಂದ ಮೇಲಕ್ಕೆ ಸರಿಸಿ, ಗಾಳಿ ತಾಗದಂತೆ ಒಣ ಕಡಲಪಾಚಿ ಮುಚ್ಚಿ, ಗುರುತಿಗೆ ಪಕ್ಕದಲ್ಲಿ ಕೋಲು ನೆಟ್ಟು, ಅಲ್ಲಿನ ನಿಸರ್ಗ ಸಂರಕ್ಷಣಾ ಸಂಸ್ಥೆ ಮ್ಯಾಸ್ ಆಡುಬಾನ್‌ನ ವೆಲ್‌ಫ್ಲೀಟ್ ಬೇ ವನ್ಯಜೀವಿ ಧಾಮಕ್ಕೆ ಫೋನ್ ಮಾಡಿ. ನವೆಂಬರ್, ಡಿಸೆಂಬರ್‌ನಲ್ಲಿ ಅವರ ಸ್ವಯಂಸೇವಕರು ಉಬ್ಬರ ಇಳಿದಾಗಲೆಲ್ಲ, ರಾತ್ರಿಯೂ ಸಹ, ತೀರ ನಡೆಯುತ್ತಾರೆ; ನೀವೂ ಸೇರಬಹುದು. ಸಾಗಿಸುವ ಹೊಣೆ ನಿಮಗೆ ಬಂದರೆ ಹೀಟರ್ ಆರಿಸಿ, ಕೋಟು ಹಾಕಿಕೊಂಡೇ ಕಾರು ಓಡಿಸಿ.