ರಜೆ ಮುಗಿದ ಎರಡೇ ವಾರಕ್ಕೆ ಮತ್ತೆ ಅದೇ ಬಳಲಿಕೆ

ಶಾಲೆ ಶುರುವಾಗಿ ತಿಂಗಳು ತುಂಬುವಷ್ಟರಲ್ಲಿ ಈ ಅಂಕಣಕ್ಕೆ ಶಿಕ್ಷಕರ ಪತ್ರಗಳು ಬರತೊಡಗುತ್ತವೆ. ಪ್ರಶ್ನೆಗಳು ಪ್ರತಿ ವರ್ಷ ಅವೇ, ಸುತ್ತಲಿನವರು ಅವರಿಗೆ ಕೊಟ್ಟಿರುವ ತಪ್ಪು ಸಲಹೆಗಳೂ ಅವೇ. ನನಗೆ ಸಿಟ್ಟಿರುವುದು ಆ ಸಲಹೆಗಳ ಮೇಲೆ. ನಿದ್ರೆ ಎಷ್ಟು ಬೇಕು, ನೀರು ಎಷ್ಟು ಕುಡಿಯಬೇಕು ಎಂಬುದನ್ನು ಶಿಕ್ಷಕರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಸಲ ಒಂದು ಪತ್ರಕ್ಕೇ ಹೆಚ್ಚಿನ ಜಾಗ ಕೊಡುತ್ತೇನೆ.

ಪ್ರಶ್ನೆ: ಹದಿನಾರು ವರ್ಷಗಳಿಂದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಈಗ ಬೆಳಿಗ್ಗೆ ಬಸ್ಸು ಹತ್ತುವಾಗಲೇ ಎದೆ ಭಾರವಾಗುತ್ತದೆ. ಕಳೆದ ವಾರ ಐದನೇ ತರಗತಿಯ ಹುಡುಗಿಯೊಬ್ಬಳು ತಾನೇ ಬರೆದ ಕಥೆಯನ್ನು ತಂದು ತೋರಿಸಿದಳು. ಓದದೆಯೇ ಕೆಳಗೆ ಸಹಿ ಹಾಕಿ ಕೊಟ್ಟೆ. ಅವಳು ಇನ್ನೂ ನಿಂತೇ ಇದ್ದಳು, ‘ಹೋಗಿ ಕೂತ್ಕೊ’ ಎಂದೆ. ಬೇಸಿಗೆ ರಜೆಯಲ್ಲಿ ಚೆನ್ನಾಗಿದ್ದವಳು ಜೂನ್ ಮಧ್ಯಕ್ಕೆ ಮತ್ತೆ ಹೀಗಾಗಿದ್ದೇನೆ. ‘ಇಷ್ಟು ರಜೆ ಇರುವ ನೌಕರಿ ಇನ್ನಾವುದಿದೆ’ ಎಂದು ಮನೆಯವರು ಕೇಳುತ್ತಾರೆ. ಸ್ವಯಂ ನಿವೃತ್ತಿ ತೆಗೆದುಕೊಳ್ಳಲೇ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಕಥೆಯ ಸಂಗತಿಯನ್ನು. ದಣಿವು ಎಲ್ಲ ಕೆಲಸದಲ್ಲೂ ಇದೆ, ದಣಿದವರು ಎರಡು ದಿನ ಮಲಗಿ ಎದ್ದರೆ ಮತ್ತೆ ಮಕ್ಕಳ ನಡುವೆ ನಿಲ್ಲಬಲ್ಲರು. ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲೇ ಮನಸ್ಸು ಬರಿದಾಗಿಹೋಗುವ ಸ್ಥಿತಿ, ಆದಾಗ ಮಕ್ಕಳಿಂದಲೇ ಮನಸ್ಸು ಹಿಂದೆ ಸರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ 11ನೇ ಆವೃತ್ತಿಯು ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ ಉದ್ಯೋಗದಿಂದ ಉಂಟಾಗುವ ಸ್ಥಿತಿಯೆಂದು ಗುರುತಿಸಿ, ಅದಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಶಕ್ತಿಯೆಲ್ಲ ಬಸಿದುಹೋದ ಭಾವ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಸಿನಿಕತನ, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ. ನಿಭಾಯಿಸಲಾಗದೆ ಬಹುಕಾಲ ಉಳಿದುಬಿಟ್ಟ ಕೆಲಸದ ಒತ್ತಡವೇ ಇದಕ್ಕೆ ಕಾರಣವೆಂದೂ ಅದು ಹೇಳುತ್ತದೆ. ಕಾರಣ ಕೆಲಸದಲ್ಲಿರುವಾಗ ‘ನೀವೇ ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎನ್ನುವವರು ಅರ್ಧ ಸತ್ಯವನ್ನೂ ಹೇಳುತ್ತಿಲ್ಲ.

ಆದರೂ ಬರ್ನ್‌ಔಟ್ ಎಂದು ಒಪ್ಪಿಕೊಳ್ಳುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಮತ್ತು ಸಕ್ಕರೆ ಪರೀಕ್ಷೆಗಳನ್ನು ಮಾಡಿಸಿ. ನಲವತ್ತು ದಾಟಿದ್ದರೆ ಮುಟ್ಟಿನ ಏರುಪೇರನ್ನೂ ವೈದ್ಯರಿಗೆ ತಿಳಿಸಿ. ಎದೆ ಭಾರ ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಹೆಚ್ಚಾಗುವುದಾದರೆ ತಡಮಾಡದೆ ಹೃದಯದ ತಪಾಸಣೆ ಆಗಬೇಕು. ಇನ್ನೊಂದು, ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಖಿನ್ನತೆಯ ಕುರಿತಾದದ್ದು. ನೀವು ರಜೆಯಲ್ಲಿ ಚೆನ್ನಾಗಿದ್ದಿರಿ, ಅದು ಒಳ್ಳೆಯ ಸೂಚನೆ. ಶಾಲೆಯಿಂದ ದೂರವಿದ್ದಾಗಲೂ, ತವರಿಗೆ ಹೋದಾಗಲೂ, ಇಷ್ಟವಾದ ಅಡುಗೆಯಲ್ಲೂ ಹಾಡಿನಲ್ಲೂ ರುಚಿಯಿಲ್ಲದೆ ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಹಾಗೆಯೇ ಕಳೆಯುತ್ತಿದ್ದರೆ ಅದನ್ನು ಖಿನ್ನತೆಯೆಂದೇ ಪರಿಗಣಿಸಿ ಮನೋವೈದ್ಯರನ್ನು ಕಾಣಬೇಕು. ಅದಕ್ಕೆ ಚಿಕಿತ್ಸೆಯಿದೆ, ಅದನ್ನು ಬರ್ನ್‌ಔಟ್ ಎಂದು ಕರೆದುಕೊಂಡು ಮುಂದೂಡುವುದು ಅಪಾಯ. ಬದುಕು ಸಾಕು ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ನನ್ನ ಅಂಕಣಕ್ಕೆ ಬರೆದು ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಆಗಲೇ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ರಜೆಯ ಮಾತು. ರಜೆಯಿಂದ ಸಿಕ್ಕ ಚೇತರಿಕೆ, ಹಿಂದಿರುಗಿದಾಗ ಹೊರೆ ಹಾಗೆಯೇ ಇದ್ದರೆ, ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ತೂತು ಬಿದ್ದ ಕೊಡಕ್ಕೆ ವರ್ಷಕ್ಕೆರಡು ಸಲ ನೀರು ತುಂಬಿಸಿ, ಇನ್ನೂ ಯಾಕೆ ಸೋರುತ್ತದೆ ಎಂದು ಕೇಳಿದಂತಿದೆ ನಿಮ್ಮ ಮನೆಯವರ ಪ್ರಶ್ನೆ. ಅಷ್ಟಕ್ಕೂ ಆ ರಜೆಯೂ ಪೂರ್ತಿ ಶಿಕ್ಷಕರದಲ್ಲ; 2025ರ ದಸರಾ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆ ತಿರುಗಿ ಕಳೆದ ಶಿಕ್ಷಕರು ಈ ರಾಜ್ಯದಲ್ಲೇ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ ಎನ್ನುತ್ತದೆ. ಆದರೆ ಶಾಲೆಯೊಳಗೆ ಸದ್ದಿಲ್ಲದೆ ಬೆಳೆಯುವ ಹೊರೆಯನ್ನು ಯಾವ ಕಲಮೂ ತಡೆಯುತ್ತಿಲ್ಲ: ಮಕ್ಕಳ ಮಾಹಿತಿ ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನ ನಮೂದು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಮತ್ತು ಮೊಟ್ಟೆಯ ದಾಖಲೆ, ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಬೀಳುವ ‘ತುರ್ತು ಮಾಹಿತಿ, ನಾಳೆ ಹತ್ತರೊಳಗೆ’.

ಆದ್ದರಿಂದ ಒಂದು ವಾರ, ಪಾಠ ಟಿಪ್ಪಣಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿ ದಿನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂದು ಬರೆದಿಡಿ. ಮನೆಯಲ್ಲಿ ಮಾಡಿದ್ದನ್ನೂ ಸೇರಿಸಿ. ಅನೇಕ ಶಾಲೆಗಳಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರೇ ಇದ್ದು, ಎಲ್ಲ ಆನ್‌ಲೈನ್ ಕೆಲಸವೂ ವರ್ಷಾನುಗಟ್ಟಲೆ ಅವರ ತಲೆಗೇ ಬೀಳುತ್ತದೆ. ಆ ಒಬ್ಬರು ನೀವೇ ಆಗಿರಬಹುದೆಂದು ನನ್ನ ಅನುಮಾನ. ಆ ಹಾಳೆಯನ್ನು ಹಿಡಿದುಕೊಂಡೇ ಮುಖ್ಯ ಶಿಕ್ಷಕರ ಬಳಿ ಕೂತು, ಎರಡು ಜವಾಬ್ದಾರಿಗಳನ್ನು ಸರದಿಯ ಮೇಲೆ ಬೇರೆಯವರಿಗೆ ಹಂಚಲು ಕೇಳಿ. ‘ನನಗೆ ತುಂಬಾ ಕೆಲಸ’ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಹೆಸರು ಹಿಡಿದು ಎರಡನ್ನು ಕೇಳಿದರೆ ಮಾತು ಮುಂದುವರಿಯುತ್ತದೆ. ಸಂಜೆ ಏಳರ ನಂತರ ಇಲಾಖೆಯ ಗುಂಪುಗಳ ಸದ್ದು ನಿಲ್ಲಿಸಿ. ನಿಜವಾಗಿ ತುರ್ತಿದ್ದರೆ ಫೋನ್ ಬಂದೇ ಬರುತ್ತದೆ.

ಆ ಹುಡುಗಿಯಿಂದ ಕಥೆಯನ್ನು ಮತ್ತೆ ಕೇಳಿ ಪಡೆದು, ಓದಿ, ಎರಡು ಸಾಲು ಬರೆದು ಕೊಡಿ. ನಂತರ ದಿನಕ್ಕೆ ಒಂದೇ ಒಂದು ಮಗುವಿನ ನೋಟ್‌ಬುಕ್ಕನ್ನು ಹಾಗೆ ಓದಿ, ಉಳಿದವಕ್ಕೆ ಸದ್ಯ ಬರೀ ಸಹಿ ಬಿದ್ದರೂ ಪರವಾಗಿಲ್ಲ. ಎಲ್ಲ ಮಕ್ಕಳಿಗೂ ಒಮ್ಮೆಲೇ ಮೊದಲಿನಂತಾಗುತ್ತೇನೆಂದು ಹೊರಟವರು ಹದಿನೈದು ದಿನಕ್ಕೆ ಮತ್ತೆ ಕುಸಿದದ್ದನ್ನು ನಾನು ಬಹಳ ಕಂಡಿದ್ದೇನೆ. ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆ (ಅರ್ಧ ವೇತನದ ರಜೆಯನ್ನು ಪೂರ್ಣ ವೇತನದ ರಜೆಯಾಗಿ ಬದಲಿಸಿಕೊಂಡದ್ದು) ಪಡೆಯಲು ಸಂಕೋಚ ಬೇಡ, ಆದರೆ ಹಿಂದಿರುಗಿದಾಗ ಏನು ಬದಲಾಗಿರುತ್ತದೆ ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಸ್ವಯಂ ನಿವೃತ್ತಿಯ ಅರ್ಜಿಯನ್ನು ಈಗ ಬರೆಯಬೇಡಿ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವನೆಂದು ಸಹೋದ್ಯೋಗಿಗಳು ಹೇಳುವುದುಂಟು, ಇರಲಿ. ಈ ಸ್ಥಿತಿಯಲ್ಲಿರುವ ಮನಸ್ಸು ತನ್ನ ಹದಿನಾರು ವರ್ಷದ ಕೆಲಸವನ್ನು ನ್ಯಾಯವಾಗಿ ತೂಗಲಾರದು. ಆರು ತಿಂಗಳ ನಂತರವೂ ಬೇಕೆನಿಸಿದರೆ ಆಗ ಯೋಚಿಸಿ. ದಿನಕ್ಕೆ ಎರಡೆರಡು ಬಸ್ಸು ಬದಲಿಸುವ ದಾರಿಯೇ ನಿಮ್ಮನ್ನು ಸೋಲಿಸುತ್ತಿದ್ದರೆ ಮೊದಲು ವರ್ಗಾವಣೆಗೆ ಅರ್ಜಿ ಹಾಕಿ.

ಪ್ರಶ್ನೆ: ಪರೀಕ್ಷೆಯ ಸಮಯದಲ್ಲಿ ನಿದ್ದೆಗೆಂದು ಔಷಧದ ಅಂಗಡಿಯಿಂದ ಅಲ್ಪ್ರಜೋಲಾಮ್ ತಂದುಕೊಳ್ಳುತ್ತಿದ್ದೆ, ಈಗ ಅದಿಲ್ಲದೆ ನಿದ್ದೆ ಬರುವುದಿಲ್ಲ. ನಿಲ್ಲಿಸಿಬಿಡಲೇ?

ಉತ್ತರ: ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಚೀಟಿಯಿಲ್ಲದೆ ಈ ಮಾತ್ರೆ ಕೊಟ್ಟ ಅಂಗಡಿಯವರು ಕಾನೂನನ್ನು ಮುರಿದಿದ್ದಾರೆ, ಅಲ್ಲಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ಶಿಕ್ಷಕರ ‘ಮನೋಬಲ’ ಹೆಚ್ಚಿಸುವ ಮೂರು ದಿನದ ಶಿಬಿರಕ್ಕೆ 12,000 ರೂಪಾಯಿ ಕೇಳುತ್ತಿದ್ದಾರೆ. ಹೋಗಬಹುದೇ?

ಉತ್ತರ: ಬೇಡ.

ಪ್ರಶ್ನೆ: ಗ್ಲೂಕೋಸ್ ಹಾಕಿಸಿಕೊಂಡರೆ ಸುಸ್ತು ಹೋಗುತ್ತದೆಯೇ?

ಉತ್ತರ: ಇಲ್ಲ. ಊಟ ಮಾಡಲು ಬರುವವರ ನರಕ್ಕೆ ಬಾಟಲಿ ಏರಿಸಿ ಹಣ ಪಡೆಯುವವರನ್ನು ವೈದ್ಯರೆಂದು ಕರೆಯಬೇಡಿ.

ಪ್ರಶ್ನೆ: ಮನೋವೈದ್ಯರ ಬಳಿ ಹೋದರೆ ಸೇವಾ ಪುಸ್ತಕದಲ್ಲಿ ಬರೆಯುತ್ತಾರೆಯೇ?

ಉತ್ತರ: ಇಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಗೋಪ್ಯತೆ ನಿಮ್ಮ ಹಕ್ಕು.

ಪ್ರಶ್ನೆ (ಮುಖ್ಯ ಶಿಕ್ಷಕರೊಬ್ಬರಿಂದ): ನಮ್ಮ ಶಾಲೆಯ ಒಬ್ಬ ಮೇಷ್ಟ್ರು ಕೆಲಸದಲ್ಲಿ ಆಸಕ್ತಿಯನ್ನೇ ಕಳೆದುಕೊಂಡಿದ್ದಾರೆ. ಬರ್ನ್‌ಔಟ್ ಎನ್ನುವುದು ಸೋಮಾರಿತನಕ್ಕೆ ನೆಪವಲ್ಲವೇ?

ಉತ್ತರ: ಐದು ವರ್ಷದ ಹಿಂದೆ ಅವರು ಹೇಗಿದ್ದರು ಎಂಬುದನ್ನು ನೀವು ಬರೆದಿಲ್ಲ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುತ್ತಿದ್ದವರು, ವಿಜ್ಞಾನದ ಮಾದರಿಗಳನ್ನು ಕೈಯಾರೆ ಮಾಡಿಸುತ್ತಿದ್ದವರು ಈಗ ಹೀಗಾಗಿದ್ದರೆ ಅದು ಸೋಮಾರಿತನವಲ್ಲ. ಸೋಮಾರಿಗಳು ಮೊದಲಿನಿಂದಲೂ ಹಾಗೆಯೇ ಇರುತ್ತಾರೆ. ನೋಟಿಸು ಕೊಡುವ ಮೊದಲು ಅವರನ್ನು ಒಬ್ಬರನ್ನೇ ಕರೆದು ಕೂರಿಸಿ, ಅವರ ಹೆಸರಿನಲ್ಲಿ ಎಷ್ಟು ರಿಜಿಸ್ಟರುಗಳಿವೆ ಎಂದು ಎಣಿಸಿ ನೋಡಿ, ಅವುಗಳಲ್ಲಿ ಎರಡನ್ನು ಈ ತಿಂಗಳು ನೀವೇ ವಹಿಸಿಕೊಳ್ಳಿ.