ಸಾವಿನ ಮಾತಿಗೆ ಊರವರನ್ನು ಕೂಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಹಿರಿಯ ನಾಗರಿಕರ ವೇದಿಕೆಯಲ್ಲಿ ಲಿವಿಂಗ್ ವಿಲ್ (ಗುಣವಾಗುವ ಭರವಸೆಯಿಲ್ಲದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಕುರಿತು ವಕೀಲರಿಂದ ಉಪನ್ಯಾಸ ಏರ್ಪಡಿಸಬೇಕೆಂದಿದ್ದೇವೆ. ಆದರೆ ಸಾವಿನ ಪ್ರಸ್ತಾಪ ಬಂದ ಕೂಡಲೇ ಹಲವರು ‘ಬಿಡ್ತು ಅನ್ನಿ’ ಎಂದು ಮಾತು ತಡೆಯುತ್ತಾರೆ. ಯಾರ ಮನಸ್ಸನ್ನೂ ನೋಯಿಸದೆ ಆರಂಭಿಸುವುದು ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ಉಪನ್ಯಾಸವನ್ನು ಸದ್ಯಕ್ಕೆ ಮುಂದೂಡಿ. ಕಾನೂನಿನ ಕಾಗದವನ್ನು ಮುಂದಿಟ್ಟುಕೊಂಡು ಶುರುಮಾಡಿದರೆ ಬಂದವರು ಇನ್ನಷ್ಟು ಮುದುಡಿಕೊಳ್ಳುತ್ತಾರೆ. ಮೊದಲು ಹತ್ತು ಹನ್ನೆರಡು ಮಂದಿಯಷ್ಟೇ ಸೇರಿ, ತಮ್ಮ ತಂದೆ ತಾಯಿಯ ಕಡೆಗಾಲ ಹೇಗಿತ್ತು, ಅವರು ಬಯಸಿದ್ದರಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ಹೇಳಿಕೊಳ್ಳಲಿ. ಪಿತೃಪಕ್ಷದಲ್ಲಿ ಎಡೆ ಇಡುವಾಗ ‘ಅಪ್ಪನಿಗೆ ಇದು ಬಹಳ ಇಷ್ಟವಾಗಿತ್ತು’ ಎಂದು ಸಲೀಸಾಗಿ ನೆನೆಯುವ ನಮಗೆ ಅಗಲಿದವರ ಬಗ್ಗೆ ಮಾತಾಡಲು ಹಿಂಜರಿಕೆಯಿಲ್ಲ. ಹಿಂಜರಿಕೆ ಇರುವುದು ನಮ್ಮದೇ ಸಾವಿನ ಬಗ್ಗೆ. ಐಸಿಯು ಬಾಗಿಲಾಚೆ ಕುಳಿತಿದ್ದರಿಂದ ಕೊನೆಯ ಗಳಿಗೆಯಲ್ಲಿ ಅಮ್ಮನ ಕೈ ಹಿಡಿಯಲಾಗಲಿಲ್ಲ ಎಂದು ಒಬ್ಬರು ಹೇಳಿದರೆ, ‘ನನಗೆ ಹಾಗಾಗುವುದು ಬೇಡ’ ಎಂಬ ಮಾತು ಪಕ್ಕದವರಿಂದ ತಾನಾಗಿಯೇ ಬರಬಹುದು. ಆಗ ಸಮಾಧಾನ ಹೇಳುವ ಅವಸರ ಬೇಡ, ಅವರು ಮುಗಿಸುವವರೆಗೆ ಕೇಳಿಸಿಕೊಳ್ಳಿ. ಇತ್ತೀಚೆಗಷ್ಟೇ ಸಂಗಾತಿಯನ್ನು ಕಳೆದುಕೊಂಡವರು ಸುಮ್ಮನೆ ಕುಳಿತಿದ್ದರೆ ಮಾತಾಡುವಂತೆ ಒತ್ತಾಯಿಸಬೇಡಿ.

ಮಾತಿನ ಜೊತೆ ಸೇವೆಯೂ ಇದ್ದರೆ ಜನ ಇನ್ನೂ ಬೇಗ ನಂಬುತ್ತಾರೆ. ಕೇರಳದ ಕೋಳಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ಕೆಲಸ ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಿಗೆ ಹಬ್ಬಿದ್ದು, ತರಬೇತಿ ಪಡೆದ ನೆರೆಹೊರೆಯವರೇ ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದ್ದರಿಂದ. ಮಗ್ಗುಲು ಬದಲಿಸಲು, ಹಾಸಿಗೆ ಹುಣ್ಣು ಒರೆಸಲು ಕೈಜೋಡಿಸಿದವರ ಮುಂದೆ ರೋಗಿ ತನ್ನ ಭಯವನ್ನು ಬಿಚ್ಚಿಡುವುದು ಸಹಜ. ನಿಮ್ಮ ವೇದಿಕೆಯ ಇಬ್ಬರು ಮೂವರಾದರೂ ಇಂಥ ತರಬೇತಿ ಪಡೆಯಲಿ ಎಂಬುದು ನನ್ನ ಆಸೆ.

ಇಷ್ಟಾದ ಮೇಲೆ ಕಾನೂನಿನ ವಿಷಯ. ಸುಪ್ರೀಂ ಕೋರ್ಟ್ 2018ರಲ್ಲಿ ಲಿವಿಂಗ್ ವಿಲ್‌ಗೆ ಮಾನ್ಯತೆ ನೀಡಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಆ ತೀರ್ಪನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದೆ. ಸಹಿ ಹಾಕಿದರೆ ಚಿಕಿತ್ಸೆಯೇ ಸಿಗುವುದಿಲ್ಲ ಎಂಬ ಭಯ ಹಲವರಿಗಿದೆ. ಅದನ್ನು ಮೊದಲು ನಿವಾರಿಸಿ. ಪ್ರಜ್ಞೆಯಿದ್ದು ಸ್ವತಃ ನಿರ್ಧರಿಸಬಲ್ಲವರ ಮಾತೇ ಅಂತಿಮ, ಬರೆದದ್ದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಗುಣವಾಗುವ ಭರವಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರಿನಂಥದ್ದನ್ನು ನಿಲ್ಲಿಸಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಆಗಲೂ ನೋವು ಶಮನ ಮಾಡುವ ಆರೈಕೆ ಮುಂದುವರಿಯಬೇಕು.

ವಕೀಲರ ಜೊತೆ ವೈದ್ಯರೊಬ್ಬರನ್ನೂ ಕರೆಸಿ, ಆ ಸಭೆಯನ್ನು ದೀಪಾವಳಿಗೋ ಬೇಸಿಗೆ ರಜೆಗೋ ಮಕ್ಕಳು ಊರಿಗೆ ಬಂದಿರುವಾಗ ಇಟ್ಟುಕೊಳ್ಳಿ. ನಡುರಾತ್ರಿ ಆಸ್ಪತ್ರೆಯಿಂದ ಕರೆ ಬಂದಾಗ ಉತ್ತರಿಸಬೇಕಾದವರು ಅವರೇ. ಅಪ್ಪ ಅಮ್ಮನ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಿರುವುದು ಆಗ ಬಹಳ ನೆರವಿಗೆ ಬರುತ್ತದೆ.